ಎರಡನೆಯ ದನಿಗೆ ಜಾಗ: ಮೊದಲ ಫ್ಯೂಗ್ ಕಟ್ಟುವ ಪಾಠ

ಶ್ರೀರಾಂಪುರದ ಬಾಡಿಗೆ ಮನೆಯ ಮಹಡಿಯಲ್ಲಿ ಈ ಲೇಖಕ ಹಳೆಯ ಕೀಬೋರ್ಡೊಂದನ್ನು ಮುಂದಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದ ಸಂಜೆ, ಕೆಳಗಿನ ಮನೆಯ ಅಜ್ಜಿ ಮೆಟ್ಟಿಲ ಬಳಿ ನಿಂತು ಕೇಳಿದರು: "ಏನಪ್ಪಾ, ಶುರು ಮಾಡಿ ಎರಡು ಹೆಜ್ಜೆ ಹೋಗೋದ್ರೊಳಗೆ ಮತ್ತೆ ಮೊದಲಿಂದ ಹಿಡೀತೀಯಲ್ಲ, ತಪ್ಪಿಹೋಯ್ತಾ?"

ಅಜ್ಜಿ ಚಿಕ್ಕಂದಿನಲ್ಲಿ ವೀಣೆ ಕಲಿತವರು. ಅವರ ಕಿವಿಗೆ ಬಿದ್ದದ್ದು ಸರಿಯಾಗಿಯೇ ಇತ್ತು. ಎಡಗೈ ಒಂದು ಪುಟ್ಟ ಮಟ್ಟನ್ನು ನುಡಿಸಿ ಮುಗಿಸುತ್ತಿದ್ದಂತೆ ಬಲಗೈ ಅದನ್ನೇ ಮೇಲಿನ ಸ್ವರದಿಂದ ಮತ್ತೆ ಎತ್ತಿಕೊಳ್ಳುತ್ತಿತ್ತು. ಆದರೆ ಅದು ತಪ್ಪಿದ್ದಲ್ಲ, ಬೇಕೆಂದೇ ಮಾಡಿದ್ದು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುವುದು, ಆಗ ಮೊದಲಿನವರು ಸುಮ್ಮನಾಗದೆ ಬೇರೆ ಮಾತು ಆಡುತ್ತಾ ಹೋಗುವುದು: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಇದಕ್ಕೆ ಫ್ಯೂಗ್ ಎಂದು ಹೆಸರು. ಲ್ಯಾಟಿನ್ನಿನ 'ಫೂಗಾ' ಎಂದರೆ ಓಟ, ಪಲಾಯನ. ಒಂದು ದನಿ ಮುಂದೆ ಓಡುತ್ತದೆ, ಇನ್ನೊಂದು ಅದನ್ನು ಬೆನ್ನಟ್ಟುತ್ತದೆ.

ಸ್ಕೌಟ್ ಶಿಬಿರಗಳಲ್ಲಿ ಮಕ್ಕಳು ಗುಂಪುಗಳಾಗಿ ಒಂದೇ ಹಾಡನ್ನು ಸಾಲಿನ ಅಂತರದಲ್ಲಿ ಒಬ್ಬರ ಹಿಂದೆ ಒಬ್ಬರು ಹಾಡುವುದನ್ನು ಓದುಗರು ಕೇಳಿರಬಹುದು. ಅದು ಫ್ಯೂಗಿನ ಸೋದರ ಸಂಬಂಧಿ, ಹೆಸರು ಕ್ಯಾನನ್. ಅಲ್ಲಿ ಹಿಂದಿನವರು ಮುಂದಿನವರನ್ನು ಅಕ್ಷರಶಃ ಅನುಕರಿಸುತ್ತಾರೆ. ಫ್ಯೂಗಿನಲ್ಲಿ ಅನುಕರಣೆ ಇರುವುದು ಆರಂಭದ ಮಟ್ಟಿಗೆ ಮಾತ್ರ. ಆಮೇಲೆ ಪ್ರತಿ ದನಿಗೂ ತನ್ನದೇ ದಾರಿ.

ಬಾಗಿಲ ಬಳಿ ನಿಂತ ದನಿ

ನಮ್ಮ ಸಂಗೀತಕ್ಕೆ ಪಶ್ಚಿಮದ ಪರಿಚಯ ಹೊಸದೇನಲ್ಲ. ಪಿಟೀಲು ಬಂದು ಇನ್ನೂರು ವರ್ಷಗಳಾದವು. ಈಗ ಅದು ಪರದೇಶದ ವಾದ್ಯವೆಂದು ಯಾರಿಗೂ ಅನ್ನಿಸುವುದಿಲ್ಲ. ಮುತ್ತುಸ್ವಾಮಿ ದೀಕ್ಷಿತರು (1775-1835) ಬ್ರಿಟಿಷ್ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅವುಗಳಿಗೆ ಸಂಸ್ಕೃತ ಸಾಹಿತ್ಯ ಬರೆದರು. 'ನೋಟ್ಟುಸ್ವರ ಸಾಹಿತ್ಯ' ಎಂದು ಕರೆಯುವ ಆ ರಚನೆಗಳನ್ನು ಮಕ್ಕಳು ಇಂದಿಗೂ ಕಲಿಯುತ್ತಾರೆ. ಆದರೆ ಬ್ಯಾಂಡಿನಲ್ಲಿ ಆ ಮಟ್ಟಿನ ಕೆಳಗೆ ನಡೆಯುತ್ತಿದ್ದ ಇತರ ದನಿಗಳು ಅವುಗಳಲ್ಲಿ ಇಲ್ಲ. ವಾದ್ಯ ಒಳಗೆ ಬಂತು, ಮಟ್ಟು ಒಳಗೆ ಬಂತು, ಎರಡನೆಯ ದನಿ ಮಾತ್ರ ಬಾಗಿಲಲ್ಲೇ ಉಳಿಯಿತು. ಇದು ಕೊರತೆಯಲ್ಲ. ರಾಗ, ಗಮಕ, ಶ್ರುತಿಯ ಮೇಲೆ ನಿಂತ ಸಂಗೀತಕ್ಕೆ ಅದರ ಅಗತ್ಯವಿರಲಿಲ್ಲ.

ಈ ಎರಡು ಲೋಕಗಳು ಒಂದೇ ಸೂರಿನಡಿ ಬಾಳಿದ ಊರು ಮೈಸೂರು. ಶ್ರೀರಾಂಪುರದಿಂದ ಕೆಲವೇ ಕಿಲೋಮೀಟರ್ ದೂರದ ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲಕ್ಕೆ ಆಸ್ಥಾನ ವಿದ್ವಾಂಸರ ಕಛೇರಿಗಳ ಜೊತೆಗೇ ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ಅವರ ನಂತರ 1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜೇಂದ್ರ ಒಡೆಯರ್ (1919-1974) ಪಿಯಾನೋದಲ್ಲಿ ನುರಿತವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದಿದ್ದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋಷಿಪ್ ನೀಡಿತು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. ರಿಚರ್ಡ್ ಸ್ಟ್ರಾಸ್‌ನ 'ಫೋರ್ ಲಾಸ್ಟ್ ಸಾಂಗ್ಸ್' 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಕೇಳಿಬಂದದ್ದು ಅವರ ನೆರವಿನಿಂದ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಇನ್ನೊಂದು ಸಂಗತಿ. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಸ್ವತಃ ಅವನಿಂದಲೇ ನುಡಿಸಿ ಧ್ವನಿಮುದ್ರಿಸಲು ಮಹಾರಾಜರು ಹಣ ಕೊಟ್ಟರು. ಕೃತಜ್ಞನಾದ ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದ. ಈ ಮೆಟ್ನರ್ ಮಾಸ್ಕೋದಲ್ಲಿ ಪಾಠ ಹೇಳಿಸಿಕೊಂಡವರಲ್ಲಿ ಸೆರ್ಗೆಯ್ ತನೇಯೆವ್ ಒಬ್ಬ. ಎರಡು ದನಿಗಳನ್ನು ಮೇಲೆ ಕೆಳಗೆ ಮಾಡಿದರೂ ಹೊಂದಿಕೊಳ್ಳುವಂತೆ ಬರೆಯುವ ವಿದ್ಯೆಯ ಮೇಲೆ 1909ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದವನು. ಆ ವಿದ್ಯೆಯೇ ಫ್ಯೂಗಿನ ಬೆನ್ನೆಲುಬು.

ಇಷ್ಟೆಲ್ಲ ಬಲ್ಲ ಮಹಾರಾಜರು ಸ್ವಂತ ರಚನೆಗೆ ಕುಳಿತಾಗ ಹಿಡಿದದ್ದು ಕೃತಿಯ ದಾರಿ. 'ಶ್ರೀವಿದ್ಯಾ' ಅಂಕಿತದ 94 ಕೃತಿಗಳು ಅವರ ಹೆಸರಿನಲ್ಲಿವೆ. ಎರಡೂ ಲೋಕಗಳನ್ನು ಅರಿತವರೇ ಅವನ್ನು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟರು. ಹಾಗಿರುವಾಗ ಸರಳಿ ವರಸೆ, ಜಂಟಿ ವರಸೆ ಮುಗಿಸಿ ನಾಲ್ಕು ಕೃತಿಗಳಿಗೆ ನಿಂತುಬಿಟ್ಟ ಕಿವಿಯೊಂದು ಫ್ಯೂಗ್ ಬರೆಯಲು ಹೊರಟರೆ ಏನಾಗುತ್ತದೆ?

ಮೊದಲ ತಪ್ಪು: ಸುಂದರವಾದ ಮಟ್ಟು

ಫ್ಯೂಗಿನ ಬೀಜವಾದ ಮಟ್ಟಿಗೆ ಇಂಗ್ಲಿಷಿನಲ್ಲಿ 'ಸಬ್ಜೆಕ್ಟ್' ಎನ್ನುತ್ತಾರೆ. 'ವಿಷಯ' ಎನ್ನೋಣ. ಈ ಲೇಖಕ ಮೊದಲ ಸಲ ಬರೆದುಕೊಂಡು ಹೋದದ್ದು ಎಂಟು ಅಳತೆಗಳ, ಗಮಕಗಳಿಂದ ತುಂಬಿದ ಒಂದು ಮಟ್ಟು. ಕಲಿಸುವ ಮೇಷ್ಟ್ರು ಅದನ್ನು ಕೇಳಿ, "ಹಾಡು ಚೆನ್ನಾಗಿದೆ. ಆದರೆ ಇನ್ನೊಬ್ಬರು ಎಲ್ಲಿ ಕೂರಬೇಕು?" ಎಂದರು.

ಪ್ರಶ್ನೆ ಅರ್ಥವಾಗಲು ಒಂದು ವಾರ ಹಿಡಿಯಿತು. ಎಂಟು ಅಳತೆ ಮುಗಿಯುವಷ್ಟರಲ್ಲಿ ಕೇಳುಗನಿಗೆ ಆರಂಭವೇ ಮರೆತಿರುತ್ತದೆ. ಎರಡನೆಯ ದನಿ ಬಂದಾಗ ಅವನು ಗುರುತು ಹಿಡಿಯಲಾರ. ಇನ್ನು ಗಮಕ. ಎರಡು ದನಿಗಳು ಕೂಡಿದ ಕ್ಷಣದಲ್ಲಿ ಅವುಗಳ ನಡುವಿನ ಅಂತರ ಇಂಪೋ ಕರ್ಕಶವೋ ಎಂದು ಕಿವಿ ತೂಗುತ್ತದೆ. ಒಂದು ಸ್ವರ ಅಲುಗಾಡುತ್ತಲೇ ಇದ್ದರೆ ಇನ್ನೊಂದು ಎದುರು ನಿಲ್ಲುವುದು ಯಾವುದಕ್ಕೆ? ನಮ್ಮಲ್ಲಿ ಸ್ವರದ ಜೀವವಾದ ಗಮಕವೇ ಇಲ್ಲಿ ಎರಡನೆಯವರ ಜಾಗವನ್ನು ಆಕ್ರಮಿಸುತ್ತದೆ.

ಎಲ್ಲ ಮಟ್ಟೂ ಎಲ್ಲಕ್ಕೂ ಒಗ್ಗುವುದಿಲ್ಲ ಎನ್ನುವುದಕ್ಕೆ ಫ್ಯೂಗಿನ ಮಹಾಗುರು ಯೋಹಾನ್ ಸೆಬಾಸ್ಟಿಯನ್ ಬಾಖ್‌ನ (1685-1750) ಬದುಕಿನಲ್ಲೇ ನಿದರ್ಶನವಿದೆ. 1747ರ ಮೇ ತಿಂಗಳಲ್ಲಿ ಅವನು ಪ್ರಷ್ಯದ ದೊರೆ ಫ್ರೆಡರಿಕ್‌ನ ಆಸ್ಥಾನಕ್ಕೆ ಹೋದ. ಸ್ವತಃ ಕೊಳಲುವಾದಕನಾಗಿದ್ದ ದೊರೆ ಒಂದು ವಿಷಯ ಕೊಟ್ಟು ಫ್ಯೂಗ್ ನುಡಿಸೆಂದ. ಬಾಖ್ ಸ್ಥಳದಲ್ಲೇ ಮೂರು ದನಿಗಳಲ್ಲಿ ಕಟ್ಟಿ ನುಡಿಸಿದ. ಆರು ದನಿ ಬೇಕೆಂದಾಗ ಮಾತ್ರ, ಪ್ರತಿ ಮಟ್ಟೂ ಅದಕ್ಕೆ ಒದಗುವುದಿಲ್ಲವೆಂದು ತನ್ನದೇ ವಿಷಯ ಆರಿಸಿ ನುಡಿಸಿದನೆಂದು ಅವನ ಮೊದಲ ಚರಿತ್ರಕಾರ ಫೋರ್ಕೆಲ್ ಬರೆದಿದ್ದಾನೆ. ದೊರೆಯ ವಿಷಯದ ಮೇಲಿನ ಆರು ದನಿಯ ರಚನೆ ಮೂಡಿದ್ದು ಅವನು ಊರಿಗೆ ಮರಳಿ ಬರೆಯಲು ಕುಳಿತ ಮೇಲೆ. 'ಮ್ಯೂಸಿಕಲ್ ಆಫರಿಂಗ್' ಎಂಬ ಕೃತಿಯಲ್ಲಿ ಅದು ಸೇರಿದೆ.

ಕಡೆಗೆ ಮೇಷ್ಟ್ರು ಒಪ್ಪಿದ ವಿಷಯದಲ್ಲಿ ಉಳಿದದ್ದು ಏಳು ಸ್ವರ. ಶಂಕರಾಭರಣದ ಸ್ವರಗಳಲ್ಲಿ ಹೇಳುವುದಾದರೆ: ಸ-ಪ-ಗ-ಮ-ಗ-ರಿ-ಸ. ನಾಲ್ಕು ಎಣಿಕೆಯ ಎರಡು ಅಳತೆಗಳಲ್ಲಿ ಮುಗಿಯಿತು.

ಉತ್ತರ ಎಲ್ಲಿಂದ ಬರುತ್ತದೆ?

ಎಡಗೈ ಈ ವಿಷಯವನ್ನು ಒಂಟಿಯಾಗಿ ನುಡಿಸುತ್ತದೆ. ಅದು ಮುಗಿದೊಡನೆ ಬಲಗೈಯ ದನಿ ಅದನ್ನೇ ಪಂಚಮದಿಂದ ಎತ್ತಿಕೊಳ್ಳಬೇಕು. ಇದಕ್ಕೆ 'ಉತ್ತರ' ಎಂದು ಹೆಸರು. ಲೆಕ್ಕದ ಪ್ರಕಾರ ಪ-ರಿ-ನಿ-ಸ-ನಿ-ದ-ಪ ಆಗಬೇಕು (ಇಲ್ಲಿನ ರಿ, ಸ ತಾರಸ್ಥಾಯಿಯವು). ಆದರೆ ಬಾಖ್‌ನ ಕಾಲದವರು ಎರಡನೆಯ ಸ್ವರವನ್ನು ತಿದ್ದಿ ಪ-ಸ-ನಿ-ಸ-ನಿ-ದ-ಪ ಎಂದು ಬರೆಯುತ್ತಿದ್ದರು. 'ಸ'ದಿಂದ 'ಪ'ಗೆ ಹಾರಿದ ಪ್ರಶ್ನೆಗೆ 'ಪ'ದಿಂದ 'ಸ'ಗೆ ಬರುವ ಉತ್ತರ. ಬದಲಾದದ್ದು ಒಂದೇ ಸ್ವರ. ಆದರೆ ಉತ್ತರ ಹೊಸ ಜಾಗದಿಂದ ಮಾತಾಡುತ್ತಲೇ ಮೂಲ ಷಡ್ಜದ ನೆನಪು ಉಳಿಸಿಕೊಳ್ಳುತ್ತದೆ.

ಇಲ್ಲಿ ನಮ್ಮ ಕಿವಿಗೆ ನಿಜವಾದ ಪರೀಕ್ಷೆ ಎದುರಾಗುತ್ತದೆ. ಶಂಕರಾಭರಣವನ್ನು ಪಂಚಮವನ್ನೇ ಷಡ್ಜ ಮಾಡಿಕೊಂಡು ಹಾಡಿದರೆ, ಮೂಲ ಷಡ್ಜದಿಂದ ಎಣಿಸುವವರಿಗೆ ಅಲ್ಲಿ ಪ್ರತಿ ಮಧ್ಯಮ ಸಿಗುತ್ತದೆ. ಅಂದರೆ ಸ್ವರಗಳು ಕಲ್ಯಾಣಿಯವು! ತಂಬೂರಿ ಮಿಡಿಯುತ್ತಿರುವ ಕಛೇರಿಯಲ್ಲಿ ಇದು ರಾಗ ಕೆಡಿಸುವ ಕೆಲಸ. ಫ್ಯೂಗಿನಲ್ಲಿ ಅದು ಪಯಣದ ಮೊದಲ ಹೆಜ್ಜೆ. ನಮ್ಮ ಸಂಗೀತದಲ್ಲಿ ಷಡ್ಜ ಊರ ದೇವರಂತೆ ನೆಲೆ ನಿಂತಿದೆ. ಗ್ರಹಭೇದ ಮಾಡುವ ವಿದ್ವಾಂಸರೂ ಕ್ಷಣಕಾಲ ತೋರಿಸಿ ಮರಳುತ್ತಾರೆ. ಫ್ಯೂಗಿನಲ್ಲಿ ಷಡ್ಜ ಉತ್ಸವಮೂರ್ತಿ, ಬೀದಿ ಸುತ್ತಿ ಗುಡಿಗೆ ಮರಳಬೇಕು.

ಹಾಗೆಂದು ಎಲ್ಲವೂ ಅಪರಿಚಿತವಲ್ಲ. ವಿಷಯವನ್ನು ಇಮ್ಮಡಿ ವೇಗದಲ್ಲಿ ಅಥವಾ ಅರ್ಧ ವೇಗದಲ್ಲಿ ತರುವ ಫ್ಯೂಗಿನ ತಂತ್ರ, ರಾಗ-ತಾನ-ಪಲ್ಲವಿಯಲ್ಲಿ ತಾಳವನ್ನು ಹಾಗೇ ಇಟ್ಟು ಪಲ್ಲವಿಯ ಗತಿ ಬದಲಿಸುವುದನ್ನು ಕೇಳಿದವರಿಗೆ ಅರ್ಥವಾಗಲು ಕಷ್ಟವಿಲ್ಲ.

ಎದುರು ಸ್ವರದ ಲೆಕ್ಕ

ಉತ್ತರ ಮೇಲೆ ನಡೆಯುತ್ತಿರುವಾಗ ಮೊದಲ ದನಿ ಏನು ಮಾಡಬೇಕು? ಈ ಲೇಖಕನ ಎಡಗೈ ಷಡ್ಜವನ್ನು ಒತ್ತಿ ಹಿಡಿದು ಕುಳಿತಿತು. "ಇದು ಶ್ರುತಿ ಹಿಡಿದದ್ದಾಯಿತಪ್ಪ, ಮಾತಾಡಿದ್ದಲ್ಲ" ಎಂದು ಮೇಷ್ಟ್ರು ಕೆಂಪು ಗೀಟು ಹಾಕಿದರು. ಉತ್ತರದ ಎದುರು ನಡೆಯುವ ಈ ಇನ್ನೊಂದು ಮಾತೇ 'ಪ್ರತಿವಿಷಯ'. ಉತ್ತರ ಹಾರುವಾಗ ಅದು ನಿಧಾನಿಸಬೇಕು, ಉತ್ತರ ನಿಂತಾಗ ಅದು ನಡೆಯಬೇಕು.

ಎರಡನೆಯ ಯತ್ನದಲ್ಲಿ ಉತ್ತರದ ಕೊನೆಯ ನಿ-ದ-ಪ ಸ್ವರಗಳ ಕೆಳಗೆ ಗ-ರಿ-ಸ ಎಂದು ಬರೆದಾಯಿತು. ಕೇಳಲು ಹಿತವಾಗಿಯೇ ಇತ್ತು. ಮತ್ತೆ ಕೆಂಪು ಗೀಟು! 'ಗ'ದಿಂದ 'ನಿ', 'ರಿ'ಯಿಂದ 'ದ', 'ಸ'ದಿಂದ 'ಪ': ಮೂರೂ ಕಡೆ ಷಡ್ಜ-ಪಂಚಮದ ಅಂತರ. ಎರಡು ದನಿಗಳು ಪಂಚಮದ ಅಂತರ ಬಿಡದೆ ಜೊತೆಜೊತೆಗೆ ಚಲಿಸುವುದು ಈ ಶಾಸ್ತ್ರದಲ್ಲಿ ನಿಷಿದ್ಧ. ಸ್ಥಾಯಿಯ ಅಂತರದಲ್ಲಿ ಚಲಿಸುವುದೂ ಹಾಗೆಯೇ.

ಕಾರಣ ತಿಳಿಯಲು ಯಾವುದಾದರೂ ಭಜನೆ ಮಂಡಳಿಯ ಹತ್ತಿರ ನಿಂತರೆ ಸಾಕು. ಗಂಡಸರು ಕೆಳಗಿನ ಸ್ಥಾಯಿಯಲ್ಲಿ, ಹೆಂಗಸರು ಮೇಲಿನ ಸ್ಥಾಯಿಯಲ್ಲಿ ಒಂದೇ ಪದ ಹಾಡುತ್ತಾರೆ. ನಮಗೆ ಅದು ಎರಡು ಹಾಡಾಗಿ ಕೇಳಿಸುವುದಿಲ್ಲ, ದಪ್ಪಗಾದ ಒಂದೇ ಹಾಡು. ಪಂಚಮದ ಅಂತರವೂ ಅಷ್ಟೇ ಗಾಢವಾಗಿ ಬೆಸೆಯುತ್ತದೆ. ಭಜನೆಗೆ ಆ ಬೆಸುಗೆಯೇ ಬೇಕು. ಫ್ಯೂಗಿನಲ್ಲಿ ಬೆಸೆದ ಕ್ಷಣವೇ ಒಬ್ಬರು ಕಾಣೆಯಾಗುತ್ತಾರೆ. ನಿಯಮವೆಂದು ಗಿಳಿಪಾಠ ಮಾಡಿಸುವ ಇದರ ಹಿಂದಿರುವುದು, ಇಬ್ಬರೂ ಕೊನೆಯವರೆಗೆ ಇಬ್ಬರಾಗಿಯೇ ಉಳಿಯಲಿ ಎಂಬ ಕಾಳಜಿ.

ಪರಿಹಾರ ಸರಳವಾಗಿತ್ತು. ನಿ-ದ-ಪ ಕೆಳಗೆ ರಿ-ಸ-ನಿ (ಕೊನೆಯದು ಮಂದ್ರ ನಿಷಾದ) ಇಟ್ಟರೆ ಮೂರೂ ಕಡೆ ಆರು ಸ್ವರಗಳ ಅಂತರ ಬರುತ್ತದೆ. ಇಂಪಾಗಿ ಕೂಡುತ್ತದೆ, ಆದರೆ ಬೆಸೆದುಹೋಗುವುದಿಲ್ಲ. ಮುಂದೆ ಇದೇ ಜೋಡಿಯನ್ನು ತಲೆಕೆಳಗು ಮಾಡಿ ಮೇಲಿನದನ್ನು ಕೆಳಗೆ ತಂದರೆ ಆರರ ಅಂತರ ಮೂರರ ಅಂತರವಾಗುತ್ತದೆ, ಅದೂ ಇಂಪೇ. ಪಂಚಮದ ಅಂತರಕ್ಕೆ ಈ ಭಾಗ್ಯವಿಲ್ಲ. ಸ-ಪ ತಿರುಗಿದರೆ ಪ-ಸ, ಅಂದರೆ ನಾಲ್ಕರ ಅಂತರ. ಎರಡೇ ದನಿಗಳಿರುವಲ್ಲಿ ಶಾಸ್ತ್ರ ಅದನ್ನು ಕರ್ಕಶದ ಪಟ್ಟಿಗೆ ಸೇರಿಸಿದೆ. ತನೇಯೆವ್‌ನ ಗ್ರಂಥದ ವಸ್ತು ಇಂಥದೇ ಲೆಕ್ಕಾಚಾರ. ಕಲಿಯುವವನಿಗೆ ಬೇಕಾದದ್ದು ಇಷ್ಟು: ಮೂರು, ಆರರ ಅಂತರಗಳನ್ನು ನೆಚ್ಚಿಕೊ, ಆದರೆ ಅವನ್ನೂ ಮೂರಕ್ಕಿಂತ ಹೆಚ್ಚು ಸಲ ಸಾಲಾಗಿ ಹಾಕಬೇಡ.

ಅಲ್ಲಿಯೂ ಸರಳಿ ವರಸೆ

ಇಂಥ ಲೆಕ್ಕ ಕೈಗೆ ಹತ್ತಲು ಪಶ್ಚಿಮದಲ್ಲಿ ಒಂದು ಮೆಟ್ಟಿಲ ಸಾಲೇ ಇದೆ. ವಿಯೆನ್ನಾದ ಯೋಹಾನ್ ಯೋಸೆಫ್ ಫುಕ್ಸ್ 1725ರಲ್ಲಿ ಪ್ರಕಟಿಸಿದ 'ಗ್ರಾಡುಸ್ ಆಡ್ ಪರ್ನಾಸ್ಸುಮ್' ಗುರುಶಿಷ್ಯರ ಸಂವಾದ ರೂಪದಲ್ಲಿರುವ ಲ್ಯಾಟಿನ್ ಗ್ರಂಥ. ಮೊದಲು ಒಂದು ಸ್ವರಕ್ಕೆ ಎದುರು ಒಂದೇ ಸ್ವರ. ಆಮೇಲೆ ಒಂದಕ್ಕೆ ಎರಡು, ಒಂದಕ್ಕೆ ನಾಲ್ಕು, ಬಳಿಕ ತಡವಾಗಿ ಜಾರುವ ಸ್ವರಗಳು, ಕಡೆಗೆ ಎಲ್ಲವೂ ಬೆರೆತದ್ದು. ಹೀಗೆ ಐದು ಹಂತ. ನಮ್ಮ ಸರಳಿ, ಜಂಟಿ, ಅಲಂಕಾರಗಳ ಕ್ರಮ ಬಲ್ಲವರಿಗೆ ಇದರ ಜಾಣ್ಮೆ ಬಿಡಿಸಿ ಹೇಳಬೇಕಿಲ್ಲ. ಹೈಡನ್ ಈ ಪುಸ್ತಕ ಹಿಡಿದು ತಾನೇ ಕಲಿತ. ಬಾಖ್‌ನ ಮಗ ಕಾರ್ಲ್ ಫಿಲಿಪ್ ಇಮ್ಯಾನ್ಯುಯೆಲ್ ಬರೆದಿರುವಂತೆ, ಅವನ ತಂದೆ ಫ್ಯೂಗ್ ಕಲಿಸುವಾಗ ಎರಡು ದನಿಗಳಿಂದಲೇ ಆರಂಭಿಸುತ್ತಿದ್ದ. ಬಾಖ್ 1723ರ ಸುಮಾರಿಗೆ ಸಿದ್ಧಪಡಿಸಿದ ಎರಡು ದನಿಗಳ 15 'ಇನ್ವೆನ್ಷನ್'ಗಳು ಇಂದಿಗೂ ಕಲಿಯುವವರ ಮೊದಲ ಮೆಟ್ಟಿಲು. ಕುತೂಹಲದ ಸಂಗತಿಯೆಂದರೆ, ಅವನ ಪ್ರಸಿದ್ಧ 48 ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳ ಸಂಪುಟಗಳಲ್ಲಿ ಎರಡೇ ದನಿಯ ಫ್ಯೂಗ್ ಇರುವುದು ಒಂದು ಮಾತ್ರ. ದನಿ ಕಡಿಮೆಯಾದಷ್ಟೂ ತಪ್ಪು ಮರೆಮಾಚಲು ಜಾಗ ಕಡಿಮೆ.

ಈ ಪಾಠಕ್ಕೆ ತಡವಾಯಿತೆಂದು ಅಳುಕುವವರು ಶೂಬರ್ಟ್‌ನನ್ನು ನೆನೆಯಬೇಕು. ಆರು ನೂರಕ್ಕೂ ಹೆಚ್ಚು ಹಾಡುಗಳನ್ನು ಬರೆದಿದ್ದ ಆತ 1828ರ ನವೆಂಬರ್ 4ರಂದು ಸಿಮೋನ್ ಸೆಖ್ಟರ್ ಎಂಬ ಮೇಷ್ಟ್ರ ಬಳಿ ಫ್ಯೂಗಿನ ಪಾಠಕ್ಕೆ ಹೋಗಿ ಕುಳಿತ. ಆಗಲೇ ಕಾಯಿಲೆ ಬಿದ್ದಿದ್ದ. ಎರಡನೆಯ ಪಾಠ ನಡೆಯಲಿಲ್ಲ. ನವೆಂಬರ್ 19ರಂದು, 31ನೆಯ ವಯಸ್ಸಿನಲ್ಲಿ, ತೀರಿಕೊಂಡ.

ಇಪ್ಪತ್ತನಾಲ್ಕು ಅಳತೆಯ ಮನೆ

ಮೊದಲ ಫ್ಯೂಗಿಗೆ ದೊಡ್ಡ ನಕ್ಷೆ ಬೇಡ. ಮೇಷ್ಟ್ರು ಹಾಕಿಕೊಟ್ಟದ್ದು 24 ಅಳತೆಗಳ ನಕ್ಷೆ. ಮೊದಲ ಎರಡರಲ್ಲಿ ವಿಷಯ, ಮುಂದಿನ ಎರಡರಲ್ಲಿ ಉತ್ತರ ಮತ್ತು ಪ್ರತಿವಿಷಯ. ಆಮೇಲೆ ನಾಲ್ಕು ಅಳತೆಗಳ ನಡುಭಾಗ. ಇಲ್ಲಿ ವಿಷಯ ಪೂರ್ತಿ ಬರುವುದಿಲ್ಲ. ಅದರ ಒಂದು ತುಣುಕು, ಉದಾಹರಣೆಗೆ ಗ-ಮ-ಗ, ಮೆಟ್ಟಿಲಿಳಿದಂತೆ ಒಂದೊಂದೇ ಸ್ವರ ಕೆಳಗಿನಿಂದ ಮರುಕಳಿಸುತ್ತದೆ. ಅದರ ಕೆಲಸ ಕೇಳುಗನನ್ನು ಹೊಸ ಷಡ್ಜಕ್ಕೆ ಕರೆದೊಯ್ಯುವುದು.

ಆ ಹೊಸ ಷಡ್ಜ ಧೈವತ. ಅಲ್ಲಿಂದ ವಿಷಯ ದ-ಗ-ಸ-ರಿ-ಸ-ನಿ-ದ ಎಂದು ಬರುತ್ತದೆ. ಶಂಕರಾಭರಣದ ಸ್ವರಗಳೇ, ಆದರೆ ಧೈವತದಿಂದ ನೋಡಿದರೆ ನಟಭೈರವಿ. ಅದೇ ಮಾತು ಇಲ್ಲಿ ದುಗುಡ ಹೊತ್ತು ಬರುತ್ತದೆ. ಇನ್ನೊಂದು ನಡುಭಾಗ ದಾಟಿ ಮೂಲ ಷಡ್ಜಕ್ಕೆ ಮರಳಿದ ಮೇಲೆ ಬರುವುದು 'ಸ್ಟ್ರೆಟೊ': ಒಬ್ಬರು ಮಾತು ಮುಗಿಸುವ ಮೊದಲೇ ಇನ್ನೊಬ್ಬರು ಅದನ್ನೇ ಆರಂಭಿಸುವುದು. ನಮ್ಮ ಏಳು ಸ್ವರಗಳ ವಿಷಯದಲ್ಲಿ, ಮೇಲಿನ ದನಿ ಮೂರನೆಯ ಸ್ವರವಾದ 'ಗ'ಗೆ ಬಂದಾಗ ಕೆಳಗಿನ ದನಿ ಒಂದು ಸ್ಥಾಯಿ ಕೆಳಗೆ 'ಸ' ಎಂದು ಹೊರಟರೆ ಎರಡೂ ಹೊಂದಿಕೊಳ್ಳುತ್ತವೆ. ಒಂದೇ ಒಂದು ಕಡೆ, ಮೇಲೆ 'ಮ' ಕೆಳಗೆ 'ಪ' ಬಂದಾಗ, ತುಸು ಗೀರುತ್ತದೆ. 'ಮ' ಎರಡು 'ಗ'ಗಳ ನಡುವೆ ಹಾದುಹೋಗುವ ಸ್ವರವಾದ್ದರಿಂದ, ಅದೂ ದುರ್ಬಲ ಎಣಿಕೆಯ ಮೇಲೆ ಬರುವುದರಿಂದ, ಶಾಸ್ತ್ರ ಅದನ್ನು ಕ್ಷಮಿಸುತ್ತದೆ.

ಕೊನೆಯ ಅಳತೆಗಳಲ್ಲಿ ಎಡಗೈ ಒಂದೇ ಸ್ವರವನ್ನು ಒತ್ತಿ ಹಿಡಿಯಬಹುದು, ಮೇಲೆ ವಿಷಯ ಕಡೆಯ ಸಲ ಹಾದುಹೋಗಬಹುದು. ಇದಕ್ಕೆ 'ಪೆಡಲ್' ಎನ್ನುತ್ತಾರೆ. ಮೊದಲ ದಿನ ಗೀಟು ಹಾಕಿಸಿಕೊಂಡ ಒತ್ತು ಷಡ್ಜ ಇಲ್ಲಿ ಹಕ್ಕಿನಿಂದ ಬರುತ್ತದೆ. ನಮ್ಮಲ್ಲಿ ತಂಬೂರಿ ಆರಂಭದಿಂದಲೇ ಇರುತ್ತದೆ. ಅಲ್ಲಿ ಊರೆಲ್ಲ ಸುತ್ತಿ ಬಂದವರಿಗೆ ಕೊನೆಯಲ್ಲಿ ಸಿಗುತ್ತದೆ.

ಗಳಿಸಿದ್ದೇನು?

ಮೊದಲ ಫ್ಯೂಗ್ ಯಾರ ಕಛೇರಿಯನ್ನೂ ಏರುವುದಿಲ್ಲ. ಆದರೆ ಬರೆದವನ ಕಿವಿ ಬದಲಾಗಿರುತ್ತದೆ. ಇಳಯರಾಜ ಸಂಗೀತದ ಕನ್ನಡ ಚಿತ್ರಗೀತೆಗಳನ್ನು ನಾವೆಲ್ಲ ವರ್ಷಗಟ್ಟಲೆ ಗುನುಗಿದ್ದೇವೆ. ಆ ಹಾಡಿನ ಕೆಳಗೆ ಬೇಸ್ ಗಿಟಾರ್ ತನ್ನದೇ ಇನ್ನೊಂದು ಹಾಡು ಹಾಡುತ್ತಿರುತ್ತದೆ ಎಂಬುದು ಈ ಲೇಖಕನಿಗೆ ಕೇಳಿಸಿದ್ದು ಈ ಪಾಠದ ನಂತರ. ತ್ಯಾಗರಾಜರು ಮತ್ತು ಬಾಖ್ ಇಬ್ಬರಿಗೂ ಅರ್ಪಿಸಿ ಅವರು 1986ರಲ್ಲಿ ಹೊರತಂದ 'ಹೌ ಟು ನೇಮ್ ಇಟ್?' ಕೇಳುವವರಿಗಂತೂ ಆ ಕೆಳಗಿನ ಸಾಲು ಮನೆಯ ದಾರಿ ತೋರಿಸುತ್ತದೆ. ಮಂಗಳೂರು ಕಡೆಯ ಬಾಸೆಲ್ ಮಿಷನ್ ಪರಂಪರೆಯ ಚರ್ಚುಗಳಲ್ಲಿ ಜರ್ಮನ್ ಮಟ್ಟಿನ ಕನ್ನಡ ಗೀತೆಗಳನ್ನು ನಾಲ್ಕು ದನಿಗಳಲ್ಲಿ ಹಾಡುವವರಿಗೆ ಇದು ತಲೆಮಾರುಗಳಿಂದ ಗೊತ್ತಿರುವ ಸಂಗತಿ. ಉಳಿದ ನಾವು ಮೇಲಿನ ಸಾಲನ್ನಷ್ಟೇ ಕೇಳಿ ಎದ್ದು ಹೋಗಿದ್ದೆವು.

24 ಅಳತೆಗಳು ಮುಗಿಯಲು ಎರಡು ತಿಂಗಳು ಹಿಡಿಯಿತು. ಮೇಷ್ಟ್ರ ಕೆಂಪು ಗೀಟುಗಳು ಎರಡಕ್ಕೆ ಇಳಿದ ದಿನ ಸಂಜೆ ಅದನ್ನು ನಿಧಾನವಾಗಿ, ಮೊದಲಿನಿಂದ ಕೊನೆಯವರೆಗೆ ನುಡಿಸಿದ್ದಾಯಿತು. ಕೆಳಗಿನ ಮನೆಯ ಅಜ್ಜಿ ಮತ್ತೆ ಮೆಟ್ಟಿಲ ಬಳಿ ಬಂದು ನಿಂತಿದ್ದರು.

"ಇವತ್ತು ಪರವಾಗಿಲ್ಲಪ್ಪ," ಎಂದರು, "ಇಬ್ಬರೂ ಒಟ್ಟಿಗೇ ಮುಗಿಸಿದಿರಿ."